ಹದಿನೇಳನೇ ನಂಬರಿನ ಹಲ್ಲು

ಟಿಕೋಟಾ
8 ಜನವರಿ 2025

ಪ್ರೀತಿಯ ಕಾವ್ಯಾ,

ಇದೇ ಜನವರಿ ಐದನೆಯ ತಾರೀಖು, ರವಿವಾರ, ಬೆಳಿಗ್ಗೆ ಹನ್ನೊಂದೂವರೆಗೆ ಬಬಲೇಶ್ವರದ ಶಾಲೆಯ ಮೈದಾನದಲ್ಲಿ ಒಂದು ತಪ್ಪು ನಡೆಯಿತು. ಮಾಡಿದವರು ನೀನು ಕೆಲಸ ಮಾಡುವ ದಂತ ಸಂಶೋಧನಾ ಕೇಂದ್ರದವರು. ಆದ್ದರಿಂದ ನಿನಗೇ ಬರೆಯುತ್ತಿದ್ದೇನೆ.

ಹಲ್ಲಿನ ಶಿಬಿರ ಎಂದು ನಿನ್ನ ದೊಡ್ಡವ್ವನನ್ನು ಕರೆದುಕೊಂಡು ಹೋಗಿದ್ದೆ. ಒಬ್ಬ ಡಾಕ್ಟರು ಮೈಕು ಹಿಡಿದು, ಮಿಶ್ರಿ ತಿಕ್ಕುವ ಹೆಣ್ಣುಮಕ್ಕಳ ಹಲ್ಲಿನ ಬೇರು ಸರಾಸರಿ 612 ಮೈಕ್ರಾನ್ ಆಳಕ್ಕೆ ಕೊಳೆತಿದೆ, ತಿಕ್ಕದವರದು ಬರೀ 240, ಇದು ಅರವತ್ತೆರಡು ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅಳೆದದ್ದು ಎಂದು ಸಾರಿದರು. ಹಿಂದೆ ಬ್ಯಾನರು, ಅದರ ಮೇಲೆ ಆಳೆತ್ತರದ ಅಂಕಿಗಳು. ಬೇರು ಕಪ್ಪಾದ ಹಲ್ಲು ಬಾಯಲ್ಲಿದ್ದು ಉಪಯೋಗವಿಲ್ಲ ಎಂದರು. ಸಂಜೆಯೊಳಗೆ ಘೋಣಸಗಿ ಊರಿನಿಂದ ಬಂದ ಹನ್ನೊಂದು ಹೆಣ್ಣುಮಕ್ಕಳ ಮೂವತ್ತನಾಲ್ಕು ಹಲ್ಲು ಕಿತ್ತರು. ಅದರಲ್ಲಿ ಐದು ನಿನ್ನ ದೊಡ್ಡವ್ವನ ಗೆಳತಿ ನೀಲಾಬಾಯಿಯವು. ಸರದಿ ಮುಗಿಯದ್ದಕ್ಕೆ ನಿನ್ನ ದೊಡ್ಡವ್ವ ಉಳಿದಳು. ಅವಳ ಚೀಟಿಯ ಮೇಲೆ 'ಕೆಳಗಿನ ಮುಂದಿನ ನಾಲ್ಕು, ಟಿಕೋಟಾ ಶಿಬಿರ, ಫೆಬ್ರುವರಿ 23' ಎಂದು ಬರೆದುಕೊಟ್ಟಿದ್ದಾರೆ.

ನಾನು ಮಿಶ್ರಿಯ ವಕೀಲನಲ್ಲ. ತಂಬಾಕನ್ನು ಹಂಚಿನ ಮೇಲೆ ಕರಕು ಮಾಡಿ ಪುಡಿ ಕುಟ್ಟಿ ಹಲ್ಲಿಗೆ ತಿಕ್ಕುವ ಆ ಚಟದೊಡನೆ ಈ ಮನೆಯಲ್ಲಿ ನಲವತ್ತು ವರ್ಷ ಜಗಳವಾಡಿದ್ದೇನೆ. ನಮ್ಮ ಮನೆಯಲ್ಲಿ ಹತ್ತು ವರ್ಷ ಇದ್ದು ಶಾಲೆ ಕಲಿತವಳು ನೀನು, ಅದಕ್ಕೆ ನೀನೇ ಸಾಕ್ಷಿ. ಆದರೆ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದವನು ನಾನು. ಜಿಲ್ಲೆಯ ಸಂತೆಗಳ ಕಲ್ಲು, ತಕ್ಕಡಿ, ಎಣ್ಣೆಯ ಮಾಪು ಎಲ್ಲಕ್ಕೂ ಮುದ್ರೆ ಒತ್ತಿದ ಕೈ ಇದು. ಯಾರಾದರೂ ಒಂದು ಅಂಕಿ ಹೇಳಿದರೆ ನನಗೆ ಮೊದಲು ಬರುವ ಪ್ರಶ್ನೆ ಇಷ್ಟೇ: ಎಷ್ಟು ಸಲ ಅಳೆದಿರಿ?

ಎದ್ದು ನಿಂತು ಕೇಳಿದೆ. "ಅಜ್ಜಾರ, ಮಶೀನ್ ಅಳತಿ ಮಾಡೇತ್ರಿ, ನಾವಲ್ಲ" ಎಂದು ನಕ್ಕರು. ಮೈದಾನವೂ ನಕ್ಕಿತು.

ಇನ್ನೊಂದು ಸಂಗತಿ. ಹೋದ ವರ್ಷ ಆಗಸ್ಟಿನಲ್ಲಿ ಜಲನಗರದ ದವಾಖಾನೆಯಲ್ಲಿ ನಿನ್ನ ದೊಡ್ಡವ್ವನ ಒಂದು ಹಲ್ಲು ಕಿತ್ತರಲ್ಲ, ಅದನ್ನು ನೀನೇ ಶೀಶೆಗೆ ಹಾಕಿಕೊಂಡು 'ನಮ್ಮ ಕೆಲಸಕ್ಕ ಬೇಕು' ಎಂದು ಒಯ್ದೆ. ಶೀಶೆಯ ಮೇಲೆ 17 ಎಂದು ಬರೆದದ್ದು ನನ್ನ ಪೆನ್ನಿನಿಂದ. ಆ ದಿನ ಡಾಕ್ಟರು ಬೇರನ್ನು ಉಕ್ಕಿನ ಕಡ್ಡಿಯಿಂದ ಬಡಿದು, "ಬೇರು ಕಲ್ಲಿದ್ಹಂಗ ಐತಿ, ಒಸಡ ಕೈ ಕೊಟ್ಟೈತಿ" ಎಂದಿದ್ದರು. ನನಗೆ ನೆನಪಿದೆ. ಹಾಗಾದರೆ ಹದಿನೇಳನೇ ಹಲ್ಲಿಗೆ ನಿಮ್ಮವರು ಎಷ್ಟು ಮೈಕ್ರಾನ್ ಬರೆದಿದ್ದಾರೆ? ಅಳೆದವರು ಯಾರು?

ಫೋನು ಮಾಡಬೇಡ. ಫೋನಿನ ಮಾತಿಗೆ ತಾರೀಖು ಇರುವುದಿಲ್ಲ.

ನಿನ್ನ ದೊಡ್ಡಪ್ಪ,
ಬಸಗೊಂಡಪ್ಪ


ಜಲನಗರ, ವಿಜಯಪುರ
14 ಜನವರಿ 2025

ದೊಡ್ಡಪ್ಪಾ, ದೊಡ್ಡವ್ವಾ, ಇಬ್ಬರ ಪಾದಗಳಿಗೂ ನಮಸ್ಕಾರ.

ಹಬ್ಬದ ದಿನ ಕುಳಿತು ಬರೆಯುತ್ತಿದ್ದೇನೆ. ನೀವು ಬಸ್ಸಿನಲ್ಲಿ ಕಳಿಸಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬಂದವು. ಹೋಳಿಗೆ ಬಾಡಿಗೆ ಮನೆಯ ಬಾಗಿಲು ದಾಟುವುದರೊಳಗೆ ಅರ್ಧವಾಗಿತ್ತು. ಲ್ಯಾಬಿನ ಜೊತೆಗಾರ ರಾಜರತ್ನ ನಾಲ್ಕು ತಿಂದು, "ನಿಮ್ಮ ದೊಡ್ಡವ್ವಗ ಹೇಳು, ನಾ ಬೇಕಾದ್ರ ದತ್ತಕ ಬರ್ತೀನಿ" ಎಂದ.

ನಿಮ್ಮ ಪತ್ರ ಎರಡು ಸಲ ಓದಿದೆ. ಮೈದಾನದಲ್ಲಿ ನಿಮ್ಮನ್ನು ನೋಡಿ ನಕ್ಕದ್ದು ಓದಿ ಸಿಟ್ಟು ಬಂತು. ಕೆಲಸ ಹೇಗೆ ನಡೆಯುತ್ತದೆ ಹೇಳುತ್ತೇನೆ. ಕಿತ್ತ ಹಲ್ಲನ್ನು ವಜ್ರದ ಅಂಚಿನ ಸಣ್ಣ ಗರಗಸದಿಂದ ಉದ್ದಕ್ಕೆ ಸೀಳುತ್ತೇವೆ. ಕೂದಲಿನಷ್ಟು ತೆಳುವಾದ ಹೋಳು ತೆಗೆದು ನೀರಿನಲ್ಲಿಡುತ್ತೇವೆ. ಉಳಿದ ಭಾಗ ಶೀಶೆಯಲ್ಲೇ ಇರುತ್ತದೆ. ಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬೇರಿನ ಹೊರಅಂಚಿನಿಂದ ಒಳಕ್ಕೆ ಕೊಳೆ ಎಲ್ಲಿಯವರೆಗೆ ಹೋಗಿದೆ ಎಂದು ಬಣ್ಣದ ವ್ಯತ್ಯಾಸದಿಂದ ಕಾಣುತ್ತದೆ. ಅಲ್ಲಿಗೆ ಗೆರೆ ಎಳೆಯುತ್ತೇವೆ. ಗೆರೆಯ ಉದ್ದವನ್ನು ಕಂಪ್ಯೂಟರು ಹೇಳುತ್ತದೆ. ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು ಮೈಕ್ರಾನ್. ಅಷ್ಟು ಸಣ್ಣದನ್ನು ಅಳೆಯುವ ಯಂತ್ರವನ್ನು ನಂಬಬೇಕು ದೊಡ್ಡಪ್ಪಾ. ನಮ್ಮ ಮುಖ್ಯಸ್ಥೆ ಡಾ. ರಾಜೇಶ್ವರಿ ಮೇಡಂ ಬಹಳ ಕಷ್ಟಪಟ್ಟು ಕಟ್ಟಿದ ಕೆಲಸ ಇದು. ನನ್ನಂಥ ಹುಡುಗಿಗೆ ಗುತ್ತಿಗೆಯ ಮೇಲಾದರೂ ಲ್ಯಾಬಿನಲ್ಲಿ ಜಾಗ ಕೊಟ್ಟವರು ಅವರು. ಮಿಶ್ರಿ ಬಿಡಿಸಬೇಕು ಎಂಬ ಅವರ ಹಟ ನಿಮ್ಮ ಹಟದಷ್ಟೇ ದೊಡ್ಡದು.

ದೊಡ್ಡವ್ವನ ಹಲ್ಲು ಅಲ್ಲಾಡುತ್ತಿದೆಯೇ? ನೋವಿದೆಯೇ? ರೊಟ್ಟಿ ನೆನೆಸಿ ತಿನ್ನುತ್ತಾಳೋ, ಹಾಗೇ ಕಡಿಯುತ್ತಾಳೋ? ಬರೆಯಿರಿ.

ನಿಮ್ಮ ಕಾವ್ಯಾ


ಟಿಕೋಟಾ
18 ಜನವರಿ 2025

ಕಾವ್ಯಾ ತಂಗೀ,

ನಿನ್ನ ಅಕ್ಷರ ನೋಡಿ ನಿನ್ನ ದೊಡ್ಡವ್ವ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ಅವಳಿಗೆ ನೋವಿಲ್ಲ. ಆ ನಾಲ್ಕು ಹಲ್ಲು ಅಲ್ಲಾಡುವುದಿಲ್ಲ. ಮೊನ್ನೆಯೂ ಒಣಗಿ ಗಟ್ಟಿಯಾದ ಕಟಿ ರೊಟ್ಟಿಯನ್ನು ಪಕ್ಕದ ಮನೆಗೆ ಕೇಳುವಂತೆ ಕಡಿದಳು. ನಾನು ಕೀಳಿಸಬೇಡ ಎಂದರೆ, "ಮಶೀನಿನಾಗ ನೋಡಿ ಹೇಳ್ಯಾರ, ನಿಮಗೇನ ಗೊತ್ತು" ಎನ್ನುತ್ತಾಳೆ. ನೀನು ದುಡಿಯುವ ಕಡೆಯಿಂದ ಬಂದ ಮಾತು, ಅದಕ್ಕೆ ಅವಳಿಗೆ ಅಷ್ಟು ನಂಬಿಕೆ.

ಎರಡು ಪುಟ ಬರೆದಿರುವೆ. ಕೇಳಿದ ಎರಡು ಪ್ರಶ್ನೆಗೆ ಉತ್ತರವಿಲ್ಲ. ಹದಿನೇಳನೇ ಹಲ್ಲಿಗೆ ಎಷ್ಟು? ಅಳೆದವರು ಯಾರು?

ಆದರೆ ಒಂದು ಮಾತು ನೀನೇ ಬರೆದಿರುವೆ, ಅದಕ್ಕೆ ಕೆಂಪು ಗೆರೆ ಹಾಕಿದ್ದೇನೆ. 'ಅಲ್ಲಿಗೆ ಗೆರೆ ಎಳೆಯುತ್ತೇವೆ.' ಅಂದರೆ ಯಂತ್ರ ಹೇಳುವುದು ಗೆರೆಯ ಉದ್ದವನ್ನು. ಗೆರೆ ಎಲ್ಲಿ ನಿಲ್ಲಬೇಕು ಎಂದು ಹೇಳುವುದು ಮನುಷ್ಯನ ಕಣ್ಣು. ಕಣ್ಣು ಎಂದ ಮೇಲೆ ಅದಕ್ಕೂ ಮುದ್ರೆ ಬೇಕು.

ನಾನು ನೌಕರಿಗೆ ಸೇರಿದ ವರ್ಷ ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಕಲಿಸಿದ್ದು ಇದು. ತಕ್ಕಡಿ ಖರೆ ಅನ್ನಿಸಿದರೆ ಪರಡಿ, ಅಂದರೆ ಅದರ ಎರಡು ತಟ್ಟೆ, ಅದಲುಬದಲು ಮಾಡು. ಕಲ್ಲು ಇದ್ದಲ್ಲಿ ಸಾಮಾನು, ಸಾಮಾನು ಇದ್ದಲ್ಲಿ ಕಲ್ಲು. ಮುಳ್ಳು ಅಲ್ಲೇ ನಿಂತರೆ ನಂಬು. ಆಮೇಲೆ ಇನ್ನೊಬ್ಬನ ಕೈಯಿಂದ ತೂಗಿಸು, ನಿನ್ನ ಅಂಕಿಯನ್ನು ಅವನಿಗೆ ಹೇಳಬೇಡ. ಆಮೇಲೆ ಎಂಟು ದಿನ ಬಿಟ್ಟು ನೀನೇ ಮತ್ತೆ ತೂಗು, ಹಳೆಯ ಚೀಟಿ ನೋಡಬೇಡ. ಮೂರೂ ಒಂದಾದರೆ ಮುದ್ರೆ.

ನಿಮ್ಮಲ್ಲೂ ಹಾಗೇ ಮಾಡಿಸು. ಶೀಶೆಗಳ ಹೆಸರು ಮುಚ್ಚಿ ಬೇರೆ ನಂಬರು ಹಚ್ಚಿ. ಯಾವುದು ಮಿಶ್ರಿಯವಳದು, ಯಾವುದು ಅಲ್ಲ ಎಂದು ಅಳೆಯುವವರಿಗೆ ತಿಳಿಯಬಾರದು. 612 ಎಂದೇ ಬಂದರೆ ನಾನೇ ಬಬಲೇಶ್ವರಕ್ಕೆ ಹೋಗಿ ಮೈಕಿನಲ್ಲಿ ಕೈ ಮುಗಿಯುತ್ತೇನೆ.

ಸೀತನಿ ಬಂದಿದೆ. ಹಸಿ ಜೋಳದ ತೆನೆ ಸುಡುವಾಗ ನಿನ್ನದೇ ನೆನಪು. ರವಿವಾರ ಬಾ.

ದೊಡ್ಡಪ್ಪ


ವಿಜಯಪುರ
27 ಜನವರಿ 2025

ದೊಡ್ಡಪ್ಪಾ,

ಸೀತನಿಗೆ ಬರಲಾಗಲಿಲ್ಲ, ಕ್ಷಮಿಸಿ. ನೀವು ಹೇಳಿದಂತೆ ಮಾಡುತ್ತಿದ್ದೇವೆ. ಶೀಶೆಯಲ್ಲಿ ಉಳಿದ ಭಾಗದಿಂದ ಹೊಸ ಹೋಳು ತೆಗೆಯುತ್ತಿದ್ದೇವೆ. ಹೊಸ ನಂಬರು ಹಚ್ಚಿದ್ದು ರಾಜರತ್ನ, ಪಟ್ಟಿ ಬೀಗದೊಳಗಿದೆ. ಮೇಡಂ ಬೆಂಗಳೂರಿಗೆ ಹೋಗಿದ್ದಾರೆ, ಬಂದ ಮೇಲೆ ಹೇಳಬೇಕು. ಅಲ್ಲಿಯವರೆಗೆ ನೀವು ಯಾರಿಗೂ ಏನೂ ಬರೆಯಬೇಡಿ.

ದೊಡ್ಡವ್ವನ ಚೀಟಿ ಜೋಪಾನವಾಗಿ ಇರಲಿ.

ಕಾವ್ಯಾ


ಟಿಕೋಟಾ
9 ಫೆಬ್ರುವರಿ 2025

ಮಗಳೇ,

ಹದಿಮೂರು ದಿನವಾಯಿತು, ನಿನ್ನ ಒಂದು ಸಾಲು ಇಲ್ಲ. ಮೊದಮೊದಲು ಕೆಲಸ ಇರಬೇಕು ಎಂದುಕೊಂಡೆ. ಆಮೇಲೆ ನನ್ನ ಮಾತು ಬಿರುಸಾಯಿತೇನೋ ಎಂದು ಪೇಚಾಡಿದೆ. ನಿನ್ನ ದೊಡ್ಡವ್ವ ಪಕ್ಕದಲ್ಲಿ ಕುಳಿತು ಹೇಳುತ್ತಿದ್ದಾಳೆ, ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ:

"ಏ ಕಾವ್ಯಾ, ನಿಮ್ಮ ದೊಡ್ಡಪ್ಪಗ ಪೆನ್ನು ಕೊಟ್ರ ಬರೇ ಹಲ್ಲಿಂದ ಬರೀತಾರ. ನೀ ಉಂಡಿಯೋ ಇಲ್ಲೋ ಒಂದ ಸಲಾನೂ ಕೇಳಂಗಿಲ್ಲ. ಸೊರಗಿ ಕಡ್ಡಿ ಆಗಬ್ಯಾಡ. ಶೇಂಗಾ ಹಿಂಡಿ ಕಳಸೇನಿ, ಬಿಸಿ ಅನ್ನಕ್ಕ ಹಾಕ್ಕೊಂಡ ತಿನ್ನು. ನನ್ನ ನಾಕ ಹಲ್ಲ ಹೋದ್ರ ಹೋಗ್ಲಿ, ನೀ ಬ್ಯಾಸರಾ ಮಾಡ್ಕೋಬ್ಯಾಡ."

ಅವಳು ಒಳಗೆ ಹೋದಳು. ಈಗ ನನ್ನ ಮಾತು. ನಿನ್ನ ಮೌನದ ಕಾರಣ ನನಗೆ ಹೊಳೆದಿದೆ. ಯಾರನ್ನೋ ಕಾಯುತ್ತಿರುವೆ. ಆ ರಾಜರತ್ನನೇ ಅಳೆದಿರಬೇಕು, ಅಲ್ಲವೇ? ಜೊತೆಗಾರ ಎಂದು ಹೆಸರು ಹೇಳಲಾರೆ. ಕೆಲಸ ಅರ್ಧಮರ್ಧ ಕಲಿತು ಬಂದವನ ಕೈಗೆ ಅರವತ್ತೆರಡು ಹಲ್ಲು ಕೊಟ್ಟರೆ ಹೀಗೆಯೇ ಆಗುವುದು. ಅವನೇ ಅಳೆದು, ಅವನೇ ನಂಬರು ಹಚ್ಚಿ, ಅವನೇ ಪಟ್ಟಿಗೆ ಬೀಗ ಹಾಕಿದರೆ ಅದು ಪರೀಕ್ಷೆಯೇ? ನಿನ್ನ ಮೇಡಂಗೆ ನಾನೇ ಬರೆದು ಅವನನ್ನು ಆ ಕೆಲಸದಿಂದ ಬಿಡಿಸುತ್ತೇನೆ. ಪತ್ರ ಬರೆದಿಟ್ಟಿದ್ದೇನೆ. ನಿನ್ನ ಒಂದು 'ಹೂಂ' ಸಾಕು.

23ಕ್ಕೆ ಇನ್ನು ಹದಿನಾಲ್ಕು ದಿನ.

ದೊಡ್ಡಪ್ಪ


ವಿಜಯಪುರ
14 ಫೆಬ್ರುವರಿ 2025

ದೊಡ್ಡಪ್ಪಾ,

ಆ ಪತ್ರ ಹಾಕಬೇಡಿ. ಹರಿದು ಹಾಕಿ. ಅಳೆದವಳು ನಾನು.

ಅರವತ್ತೆರಡೂ ನಾನೇ. ಒಂದೇ ಸಲ, ಒಬ್ಬಳೇ. ರಾಜರತ್ನ ಆಗಿನ್ನೂ ಕೆಲಸಕ್ಕೇ ಸೇರಿರಲಿಲ್ಲ. ಅವನು ಬಂದದ್ದು ಡಿಸೆಂಬರಿನಲ್ಲಿ. ನೀವು ಮೊದಲ ಪತ್ರದಲ್ಲೇ 'ಅಳೆದವರು ಯಾರು' ಎಂದು ಕೇಳಿದಾಗ ಹೇಳಬೇಕಿತ್ತು. ನಿಮ್ಮ ಸಿಟ್ಟು ಬೇರೆಯವರ ಮೇಲಿದೆ ಎಂದು ತಿಳಿದು ಸುಮ್ಮನಿದ್ದೆ. ಅದು ತಿರುಗಿ ರಾಜರತ್ನನ ಮೇಲೆ ಬೀಳುತ್ತದೆ ಎಂದುಕೊಂಡಿರಲಿಲ್ಲ.

ಹೇಗಾಯಿತು ಎಂದರೆ, ಮಿಶ್ರಿ ತಿಕ್ಕುವವರ ಶೀಶೆಗಳ ಮೇಲೆ 'ಮಿ' ಎಂದು ಬರೆದಿತ್ತು. ಆ ಹೋಳುಗಳಲ್ಲಿ ಕಪ್ಪು ಒಳಕ್ಕೆ ಇಳಿದಿರುತ್ತದೆ. ಕಪ್ಪು ಎಲ್ಲಿ ಮುಗಿಯಿತೋ ಅಲ್ಲಿಗೆ ಗೆರೆ ನಿಲ್ಲಿಸಿದೆ. ಆದರೆ ಅದು ಬಣ್ಣದ ಅಂಚು, ಕೊಳೆಯ ಅಂಚಲ್ಲ. ಕೊಳೆ ಬಹಳ ಮೊದಲೇ ನಿಂತಿತ್ತು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಮಿಶ್ರಿ ತಿಕ್ಕದವರ ಹೋಳುಗಳ ಡಬ್ಬಿಯ ಮುಚ್ಚಳ ದೀಪಾವಳಿ ರಜೆಯಲ್ಲಿ ಸಡಿಲಾಗಿ ನೀರೆಲ್ಲ ಆರಿಹೋಗಿತ್ತು. ಬೇರಿನ ಕೊಳೆತ ಭಾಗ ಮೆತ್ತಗಿರುತ್ತದೆ, ಒಣಗಿದರೆ ದೊಡ್ಡವ್ವ ಬಿಸಿಲಿಗೆ ಹಾಕುವ ಬದನೆ ಹೋಳಿನಂತೆ ಮುದುಡುತ್ತದೆ. ಮುದುಡಿದ್ದನ್ನು ಅಳೆದರೆ ಆಳ ಕಡಿಮೆಯೇ ಬರುತ್ತದೆ. ನಾನು ಮೇಲೆ ನೀರು ಹಾಕಿ, ಯಾರಿಗೂ ಹೇಳದೆ ಅಳೆದೆ. ಒಂದು ಗುಂಪನ್ನು ಹಿಗ್ಗಿಸಿದೆ, ಇನ್ನೊಂದನ್ನು ಕುಗ್ಗಿಸಿದೆ.

ಈಗ ಹೆಸರು ಮುಚ್ಚಿ, ಎಲ್ಲವನ್ನೂ ನೀರಿನಲ್ಲೇ ಇಟ್ಟು, ನಾನು ಎರಡು ಸಲ, ನಂಬರುಗಳನ್ನು ನಾನು ಮತ್ತೆ ಬದಲಿಸಿದ ಮೇಲೆ ರಾಜರತ್ನ ಎರಡು ಸಲ ಅಳೆದೆವು. ಮಿಶ್ರಿಯವರದು ಸರಾಸರಿ 395. ಉಳಿದವರದು 350. ಒಂದೇ ಹಲ್ಲಿಗೆ ನಮ್ಮಿಬ್ಬರ ಅಂಕಿಯ ನಡುವೆಯೇ ಕೆಲವೊಮ್ಮೆ 70 ವ್ಯತ್ಯಾಸ. ಅಂದರೆ ಎರಡು ಗುಂಪಿನ ನಡುವಿನ ಅಂತರಕ್ಕಿಂತ ನಮ್ಮ ಎರಡು ಕಣ್ಣಿನ ಜೋಡಿಗಳ ನಡುವಿನ ಅಂತರ ದೊಡ್ಡದು. ಇದರಿಂದ ಯಾರ ಹಲ್ಲನ್ನೂ ಕೀಳು ಎಂದಾಗಲಿ ಬಿಡು ಎಂದಾಗಲಿ ಹೇಳಲಾಗದು.

ಹದಿನೇಳನೇ ಹಲ್ಲು. ಮೊದಲು ನಾನು ಬರೆದದ್ದು 640. ಈಗ ನಾಲ್ಕು ಸಲವೂ 105ರಿಂದ 130ರೊಳಗೆ. ಅದು ದೊಡ್ಡವ್ವನದು ಎಂದು ಅಳೆಯುವಾಗ ಗೊತ್ತಿತ್ತು ದೊಡ್ಡಪ್ಪಾ. ಗೆರೆ ಎಳೆಯುವಾಗ ನನ್ನ ಕಿವಿಯಲ್ಲಿ ಇದ್ದದ್ದು ದೊಡ್ಡವ್ವನನ್ನು ಬೈಯುವ ನಿಮ್ಮದೇ ದನಿ: "ಈ ಮಿಶ್ರಿ ನಿನ್ನ ಬೇರ ತಿಂದ ಬಿಡತೈತಿ ಕಾಶೀ." ಚಿಕ್ಕಂದಿನಿಂದ ಕೇಳಿದ್ದನ್ನೇ ಸೂಕ್ಷ್ಮದರ್ಶಕದಲ್ಲಿ ಕಂಡೆ.

ಮೇಡಂಗೆ ಹೇಳಿದೆ. ಹಳೆಯ, ಹೊಸ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ಓದಿದರು. ಆಮೇಲೆ, "ನಾನೂ ಒಮ್ಮೆ ನೋಡಬೇಕಿತ್ತು ಕಾವ್ಯಾ" ಎಂದರು. ಟಿಕೋಟಾ ಶಿಬಿರ ಮುಗಿಯಲಿ, ವರದಿಯ ಎರಡನೇ ಮುದ್ರಣದಲ್ಲಿ ತಿದ್ದೋಣ ಎಂದರು. ನನ್ನನ್ನು ಶಿಬಿರಕ್ಕೆ ಬರಬೇಡ ಎಂದಿದ್ದಾರೆ.

ದೊಡ್ಡವ್ವನನ್ನು ಆ ಕುರ್ಚಿಯಲ್ಲಿ ಕೂಡಿಸಬೇಡಿ. ನಿಮ್ಮ ಹಿಂಡಿಯ ಡಬ್ಬಿ ಇನ್ನೂ ತೆರೆದಿಲ್ಲ.

ಕಾವ್ಯಾ


ಟಿಕೋಟಾ
24 ಫೆಬ್ರುವರಿ 2025

ಕಾವ್ಯಾ, ನನ್ನ ಮಗಳೇ,

ನಿನ್ನ ಪತ್ರ 17ಕ್ಕೆ ತಲುಪಿತು. ಒಂದು ವಾರ ಉತ್ತರ ಬರೆಯಲಿಲ್ಲ. ಸಿಟ್ಟು ಎಂದು ತಿಳಿದಿರುವೆಯೇನೋ. ಸಿಟ್ಟಲ್ಲ, ನಾಚಿಕೆ.

ರಾಜರತ್ನ ಎಂಬ ಹೆಸರು ಬಿಟ್ಟರೆ ಅವನ ವಿಷಯ ನನಗೆ ಏನು ಗೊತ್ತಿತ್ತು? ನಾಲ್ಕು ಹೋಳಿಗೆ ತಿಂದದ್ದಷ್ಟೇ. ಹೆಸರಿನಿಂದ ಅವನು ಯಾರ ಪೈಕಿ, ಯಾವ ಜಾತಿ ಎಂದು ಎಣಿಸಿಕೊಂಡೆ, 'ಅರ್ಧಮರ್ಧ ಕಲಿತವನು' ಎಂದು ಬರೆದೆ. ಅದೇ ಲ್ಯಾಬಿನಲ್ಲಿದ್ದ ನಿನ್ನ ಕಡೆಗೆ ನನ್ನ ಬೆರಳು ಹೋಗಲೇ ಇಲ್ಲ. ನೀನು ಶೀಶೆಯ ಮೇಲಿನ 'ಮಿ' ನೋಡಿ ಗೆರೆ ಎಳೆದೆ, ನಾನು ಹೆಸರು ನೋಡಿ ತೂಗಿದೆ. ನಿನ್ನದು ಕೆಲವು ತಿಂಗಳ ತಪ್ಪು. ನನ್ನದು ಹಳೆಯದು. 1993ರಲ್ಲಿ ಅರಕೇರಿಯ ಕರೆಪ್ಪನ ತಕ್ಕಡಿಯನ್ನು ಇಡೀ ಸಂತೆಯಲ್ಲಿ ಮೊದಲು ಜಪ್ತಿ ಮಾಡಿದವನು ನಾನು, ಸಾಹುಕಾರರದನ್ನು ಕೊನೆಗೆ ನೋಡಿದೆ. ಕರೆಪ್ಪನದು ಸರಿಯಾಗಿಯೇ ಇತ್ತು. ತಕ್ಕಡಿ ಮರಳಿ ಕೊಟ್ಟೆ, ತಪ್ಪಾಯಿತು ಎನ್ನಲಿಲ್ಲ. ಅದೂ ನನಗೆ ನೆನಪಿದೆ.

ನಿನ್ನೆಯ ಶಿಬಿರದ ಸುದ್ದಿ ಕೇಳು. ನಾನು ತಡೆದರೂ ನಿನ್ನ ದೊಡ್ಡವ್ವ ಹೋಗಿ ಕುರ್ಚಿಯಲ್ಲಿ ಕುಳಿತೇ ಬಿಟ್ಟಳು. ನಿನ್ನ ಪತ್ರ ಅವಳ ಚೀಲದಲ್ಲಿತ್ತು, ನಾಲ್ಕು ಸಲ ಓದಿಸಿಕೊಂಡಿದ್ದಳು.

"ಬಾಯಿ ತಗೀರಿ ಅಮ್ಮಾ" ಎಂದರು ಎಳೆಯ ಡಾಕ್ಟರು.

"ಮೊದಲ ನೀವ ತಗೀರಿ. ನನ್ನ ಹದಿನೇಳನೇ ನಂಬರಿನ ಹಲ್ಲ ಎಷ್ಟ ಕೊಳತಿತ್ತು ಹೇಳ್ರಿ, ಆಮ್ಯಾಲ ನಾ ತಗೀತೀನಿ."

ಆ ಹುಡುಗನಿಗೆ ಏನೂ ತಿಳಿಯಲಿಲ್ಲ. ನಿನ್ನ ಮೇಡಂ ಓಡಿ ಬಂದರು. ಒಳ್ಳೆಯ ಹೆಣ್ಣುಮಗಳು, ಕೈ ಮುಗಿದೇ ಮಾತಾಡಿದರು. "ಎರಡ್ನೇ ಸಲ ಪ್ರಿಂಟ್ ಮಾಡುವಾಗ ತಿದ್ದತೀವ್ರಿ. ಮಂದಿ ಮುಂದ ಹೇಳಿದ್ರ ಮಿಶ್ರಿ ಛಲೋ ಅಂತ ತಿಳಕೊಂತಾರ್ರಿ ಅಮ್ಮಾ."

ನಿನ್ನ ದೊಡ್ಡವ್ವ ಸೊಂಟದಿಂದ ಮಿಶ್ರಿಯ ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟಳು. "ಇದನ್ನ ನಾ ಬಿಟ್ಟೇನಿ, ತಗೋರಿ. ಖರೇ ಹೇಳಿ ಬಿಡಸ್ರಿ, ಬಿಡ್ತೀವಿ. ಸುಳ್ಳ ಹೇಳಿ ಬಿಡಸಬ್ಯಾಡ್ರಿ." ನಲವತ್ತು ವರ್ಷ ನನ್ನಿಂದ ಆಗದ್ದು! ಸರದಿಯಲ್ಲಿದ್ದ ಏಳು ಮಂದಿ ಎದ್ದು ನಿಂತರು. ಮೇಡಂ ಆ ದಿನ ಬೇರು ಕಪ್ಪು ಎಂಬ ಕಾರಣಕ್ಕೆ ಯಾರ ಹಲ್ಲನ್ನೂ ಕೀಳಿಸಲಿಲ್ಲ. ಅಷ್ಟರ ಮಟ್ಟಿಗೆ ಅವರಿಗೆ ನನ್ನ ನಮಸ್ಕಾರ.

ಸಾಮಾನಿನ ಗಾಡಿಯ ಹತ್ತಿರ ರಾಜರತ್ನ ಇದ್ದ. ಹೋಗಿ ತಪ್ಪಾಯಿತು ಎಂದೆ. ಏನು ತಪ್ಪು ಎಂದು ವಿವರಿಸಲು ಹೊರಟರೆ ತಡೆದ. "ಗೊತ್ತೈತ್ರಿ ಕಾಕಾ, ಕಾವ್ಯಾ ಆ ಪತ್ರ ತೋರಿಸ್ಯಾಳ. ಇಂಥಾ ಮಾತು ನನಗೇನ ಹೊಸಾದಲ್ರಿ. ಆದ್ರ ಹಿಂಗ ಎದುರಿಗೆ ಬಂದ ನಿಂತವರು ನೀವ ಮೊದಲ್ನೇರು" ಎಂದ. ಒಂದು ಡಬ್ಬಿಯನ್ನು ಗಾಡಿಗೆ ಏರಿಸಿ, "ಹೋಳಿಗಿ ತಂದೀರೇನ್ರಿ?" ಎಂದು ಕೇಳಿದ. ತಂದಿರಲಿಲ್ಲ. ಈ ಪತ್ರದ ಜೊತೆ ಕಳಿಸಿದ್ದೇನೆ, ಹತ್ತು ಅವನವು, ಎಣಿಸಿಕೊಡು.

ಸಂಜೆ ಘೋಣಸಗಿಯಿಂದ ನೀಲಾಬಾಯಿ ಬಂದಿದ್ದಳು. ಎಲ್ಲ ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ, "ಕಾಶೀ, ನಿನ್ನವು ಉಳದ್ವು. ನನ್ನ ಐದು?" ಎಂದಳು. ಅಷ್ಟೇ.

ಅವಳ ಐದರಲ್ಲಿ ಕೆಲವನ್ನು ಕೀಳಲೇಬೇಕಿತ್ತೋ ಏನೋ. ಯಾರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದ್ದನ್ನು ಎರಡನೇ ಮುದ್ರಣದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದರೆ ನೀಲಾಬಾಯಿ ಓದಲಾರಳು. ಅವಳಿಗೆ ಅಕ್ಷರವೇ ಬರುವುದಿಲ್ಲ. ಅವಳು ಕೇಳಿದ್ದು ಮೈಕಿನಿಂದ. ಉತ್ತರವೂ ಮೈಕಿನಿಂದಲೇ ಬರಬೇಕು.

ನಿನ್ನ ನೌಕರಿಗೆ ಕುತ್ತು ಬರಬಹುದು. ಬಂದರೆ ಈ ಮನೆ ಇದೆ, ನಿನ್ನ ಹಳೆಯ ಮೇಜು ಹಾಗೆಯೇ ಇದೆ, ಕಟಿ ರೊಟ್ಟಿಗೆ ಬರವಿಲ್ಲ. ನೀನು ತಪ್ಪು ಅಳೆದದ್ದಕ್ಕಿಂತ ಮತ್ತೆ ಅಳೆದದ್ದು ದೊಡ್ಡದು ಎಂದು ನಾನು ಯಾರೆದುರಿಗಾದರೂ ಹೇಳುತ್ತೇನೆ. ಆದರೆ ನೀನು ನನ್ನ ಮಗಳೆಂದು ನಿನ್ನನ್ನು ಬಿಟ್ಟು ಕೇಳಲಾರೆ. ಹಾಗೆ ಒಮ್ಮೆ ಬಿಟ್ಟು ಕೇಳಿ ಏನಾಯಿತು ಎಂದು ನೋಡಿದ್ದೇವೆ.

ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ನಿನ್ನ ಮೇಡಂಗೂ ಕಳಿಸಿದ್ದೇನೆ. ಮಾರ್ಚ್ ಒಂಬತ್ತು, ರವಿವಾರ, ಬೆಳಿಗ್ಗೆ ಹನ್ನೊಂದೂವರೆಗೆ ನಾನು, ನಿನ್ನ ದೊಡ್ಡವ್ವ, ನೀಲಾಬಾಯಿ ಮತ್ತು ಉಳಿದ ಹತ್ತು ಮಂದಿ ಬಬಲೇಶ್ವರದ ಅದೇ ಮೈದಾನದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುತ್ತೇವೆ. 612 ಎಂದು ಸಾರಿದ ಜಾಗದಲ್ಲೇ ನಿಂತು ಹೇಳಿ: ಎಷ್ಟು ಸಲ ಅಳೆದಿರಿ, ಯಾರ ಕಣ್ಣಿನಿಂದ ಅಳೆದಿರಿ, ಮತ್ತು ಆ ಮೂವತ್ತನಾಲ್ಕು ಹಲ್ಲುಗಳಲ್ಲಿ ಎಷ್ಟನ್ನು ಕೀಳಬೇಕಿತ್ತು? ಗೊತ್ತಿಲ್ಲವಾದರೆ, ಗೊತ್ತಿಲ್ಲ ಎಂಬ ಮಾತನ್ನು ಆ ಮೈಕಿನಲ್ಲಿ ಹೇಳುವವರು ನಿಮ್ಮಲ್ಲಿ ಯಾರು?

ಬಸಗೊಂಡಪ್ಪ